ಮದುಮಗಳ ಹನ್ನೆರಡು ತಿಂಗಳು

ಓದತಕ್ಕ ಭಾಗಗಳು: ಎಸ್ತೇರಳು ೨ನೇ ಅಧ್ಯಾಯ ೧೨ರಿಂದ ೧೫ರ ವರೆಗೆ, ೪ನೇ ಅಧ್ಯಾಯ ೧೫ರಿಂದ ೫ನೇ ಅಧ್ಯಾಯ ೨ರ ವರೆಗೆ.

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲ ಬಂತೆಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಊರುಗಳಲ್ಲಿ ಮದುವೆಯ ಮಾತುಗಳು ಆರಂಭವಾಗುತ್ತವೆ. ಚಪ್ಪರ ಯಾರದು, ಅಡಿಗೆ ಯಾರದು, ಸೀರೆಗಳೆಷ್ಟು ಎಂಬದನ್ನು ಹಿರಿಯರು ಆರು ತಿಂಗಳು ಮುಂಚಿತವಾಗಿ ಲೆಕ್ಕ ಹಾಕುತ್ತಾರೆ. ಮದುಮಗಳ ಶರೀರದ ವಿಷಯವನ್ನಾದರೋ ಮದುವೆಗೆ ಎಂಟು ದಿನ ಇರುವಾಗ ನೆನಸುತ್ತಾರೆ. ಆಗ ಪೇಟೆಗೆ ಓಡಿ, ಮುಖವನ್ನು ಬೆಳ್ಳಗೆ ಮಾಡುತ್ತದೆಂದು ಅಂಗಡಿಯವನು ಹೇಳಿದ ಮುಲಾಮನ್ನು ತಂದು ಹಚ್ಚುತ್ತಾರೆ. ವರುಷ ಹಿಡಿಯುವ ಕೆಲಸವನ್ನು ವಾರದಲ್ಲಿ ಮುಗಿಸಹೊರಟರೆ ಬರುವ ಕೇಡೇನು, ವರುಷದ ಸಿದ್ಧತೆಯು ಹೇಗಿರತಕ್ಕದ್ದು ಎಂಬದೇ ಈ ತಿಂಗಳ ಪಾಠ.

೧. ಶೂಷನ್ ಕೋಟೆಯ ಪದ್ಧತಿ

ಅಹಷ್ವೇರೋಷ ರಾಜನ ಬಳಿಗೆ ಹೋಗಬೇಕಾದ ಪ್ರತಿಯೊಬ್ಬ ಕನ್ಯೆಗೂ ಹನ್ನೆರಡು ತಿಂಗಳ ಶರೀರಸಂಸ್ಕಾರ ನಡೆಯುತ್ತಿತ್ತೆಂದು ಓದುತ್ತೇವೆ. ಆರು ತಿಂಗಳು ರಕ್ತಬೋಳದ ಎಣ್ಣೆ, ಇನ್ನಾರು ತಿಂಗಳು ಸುಗಂಧದ್ರವ್ಯಗಳು. ಈ ಕಥೆಯಲ್ಲಿ ಮೂರು ಸಂಗತಿಗಳನ್ನು ಗಮನಿಸೋಣ.

ಮೊದಲನೇದು, ಆ ಕನ್ಯೆಯರನ್ನು ಯಾರೂ ಕೇಳಲಿಲ್ಲ. ರಾಜಾಜ್ಞೆಯಿಂದ ಅವರನ್ನು ಕೂಡಿಸಿದರು. ಎಣ್ಣೆಯೂ ಸುಗಂಧವೂ ಒಬ್ಬ ಅರಸನ ಕಣ್ಣಿಗೋಸ್ಕರವೇ ಹೊರತು ಆ ಹುಡುಗಿಯರ ಹಿತಕ್ಕೋಸ್ಕರವಲ್ಲ. ಆದದರಿಂದ ಹನ್ನೆರಡು ತಿಂಗಳೆಂಬ ಲೆಕ್ಕವನ್ನು ನಾವು ಎತ್ತಿಕೊಳ್ಳಬಹುದು, ಆ ಉದ್ದೇಶವನ್ನು ಎತ್ತಿಕೊಳ್ಳತಕ್ಕದ್ದಲ್ಲ.

ಎರಡನೇದು, ತನ್ನ ಸರದಿ ಬಂದಾಗ ಎಸ್ತೇರಳು ಹೇಗೈಯು ಹೇಳಿದ್ದಕ್ಕಿಂತ ಹೆಚ್ಚಾಗಿ ಯಾವದನ್ನೂ ಕೇಳಲಿಲ್ಲ. ಬೇಕಾದದ್ದನ್ನೆಲ್ಲಾ ಕೇಳುವದಕ್ಕೆ ಅವಕಾಶವಿದ್ದಾಗಲೂ ಸಾಕೆಂದವಳು ಆಕೆ.

ಮೂರನೇದನ್ನು ಅನೇಕರು ಓದಿ ದಾಟಿಬಿಡುತ್ತಾರೆ. ತನ್ನ ಜನರ ಪ್ರಾಣಕ್ಕಾಗಿ, ಕರೆಯದೆಯೇ ರಾಜನ ಮುಂದೆ ನಿಲ್ಲಬೇಕಾಗಿ ಬಂದಾಗ ಆಕೆ ಎಣ್ಣೆಯನ್ನು ತರಿಸಲಿಲ್ಲ. ಮೂರು ದಿವಸ ಹಗಲೂ ರಾತ್ರಿಯೂ ಉಪವಾಸವಿದ್ದು, ಬಾಡಿದ ಮುಖದಿಂದಲೇ ರಾಜವಸ್ತ್ರವನ್ನು ಧರಿಸಿಕೊಂಡು ಹೋದಳು. ಹನ್ನೆರಡು ತಿಂಗಳ ಸುಗಂಧವು ಆಕೆಯನ್ನು ಅರಮನೆಗೆ ಸೇರಿಸಿತು. ಜನರನ್ನು ಉಳಿಸಿದ್ದು ಆಕೆಯ ಧೈರ್ಯ. ಮದುವೆಯ ದಿನದ ಮುಖಕ್ಕಿಂತ ಮದುವೆಯ ನಂತರದ ವರುಷಗಳಿಗೆ ಬೇಕಾದ ಬಲವೇ ದೊಡ್ಡದೆಂದು ಇದರಿಂದ ಕಲಿಯುತ್ತೇವೆ.

೨. ವರುಷದ ಲೆಕ್ಕಕ್ಕೆ ಮುಂಚೆ ವಯಸ್ಸಿನ ಲೆಕ್ಕ

೨೦೦೬ನೇ ಇಸವಿಯ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹೆಣ್ಣಿಗೆ ೧೮, ಗಂಡಿಗೆ ೨೧ ವರುಷ ತುಂಬಿರಬೇಕು. ಹೀಗಿದ್ದರೂ ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದಲ್ಲಿ ೨೦ರಿಂದ ೨೪ ವರುಷದ ಸ್ತ್ರೀಯರೊಳಗೆ ನೂರಕ್ಕೆ ಸುಮಾರು ೨೧ ಮಂದಿಗೆ ಹದಿನೆಂಟು ತುಂಬುವ ಮುಂಚೆಯೇ ಮದುವೆಯಾಗಿತ್ತೆಂದು ತೋರಿಸಿತು. ಎಲುಬು ಬಲಿಯದ ಹುಡುಗಿಗೆ ಯಾವ ಎಣ್ಣೆಯೂ ಸೌಂದರ್ಯವನ್ನು ಕೊಡಲಾರದು. ಅಂಥ ಮದುವೆಯ ಸುದ್ದಿ ಕಿವಿಗೆ ಬಿದ್ದರೆ ೧೦೯೮ ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸುವದು ಸಭೆಯವರೆಲ್ಲರ ಕರ್ತವ್ಯ.

೩. ವರುಷ ಯಾಕೆ ಬೇಕು?

ದೇವರು ನಮ್ಮ ಶರೀರಕ್ಕೆ ಅದರದೇ ಪಂಚಾಂಗವನ್ನು ಇಟ್ಟಿದ್ದಾನೆ. ಚರ್ಮದ ಮೇಲ್ಪದರವು ಹಳೆಯದು ಉದುರಿ ಹೊಸದಾಗುವದಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಕೈಬೆರಳಿನ ಉಗುರು ಬುಡದಿಂದ ತುದಿಗೆ ಬೆಳೆಯಲು ಸುಮಾರು ಆರು ತಿಂಗಳು ಬೇಕು. ತಲೆಕೂದಲು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರು ಮಾತ್ರ ಬೆಳೆಯುತ್ತದೆ. ರಕ್ತದ ಕೆಂಪು ಕಣವು ೧೨೦ ದಿವಸ ಬಾಳುತ್ತದೆ. ವಿಷಮಜ್ವರ ಬಂದು ಹೋದ ಹುಡುಗಿಗೆ ಕೂದಲು ಉದುರುವದು ಜ್ವರದ ಸಮಯದಲ್ಲಲ್ಲ, ಎರಡು ಮೂರು ತಿಂಗಳ ನಂತರ. ಹೊಲದಲ್ಲಿ ಬಿತ್ತಿದ ಮರುದಿನ ತೆನೆಯನ್ನು ಹುಡುಕುವ ಒಕ್ಕಲಿಗನುಂಟೋ? ಹಾಗೆಯೇ ಮುಖದ ಕಳೆಯೂ ಬಿತ್ತಿ ಕಾಯತಕ್ಕ ಬೆಳೆ.

೪. ಮೊದಲನೇ ನಾಲ್ಕು ತಿಂಗಳು: ರಕ್ತ

ಮುಖ ಬಿಳಿಚಿಕೊಂಡಿರುವದು, ಮೆಟ್ಟಲು ಹತ್ತಿದರೆ ಏದುಸಿರು, ಕೂದಲು ಉದುರುವದು, ಉಗುರು ಚಪ್ಪಟೆಯಾಗಿ ಮುರಿಯುವದು, ಇವುಗಳಿಗೆ ಹಲವು ವೇಳೆ ರಕ್ತಹೀನತೆಯೇ ಕಾರಣ. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರುಷದ ಸ್ತ್ರೀಯರೊಳಗೆ ನೂರಕ್ಕೆ ಸುಮಾರು ೪೮ ಮಂದಿ ರಕ್ತಹೀನರು. ರಕ್ತವಿಲ್ಲದವಳು ಚೊಚ್ಚಲ ಹೆರಿಗೆಯಲ್ಲಿ ರಕ್ತ ಕಳಕೊಂಡರೆ ಏನಾದೀತೆಂದು ಹೆತ್ತವರು ಯೋಚಿಸಲಿ. ಮದುವೆಯ ಸೀರೆಯಲ್ಲೇ ಮಗಳನ್ನು ಮಣ್ಣಿಗಿಡುವ ದುಃಖ ಯಾವ ಮನೆಗೂ ಬಾರದಿರಲಿ.

ಆದದರಿಂದ ಮಾತು ಗೊತ್ತಾದ ಕೂಡಲೇ ಹುಡುಗಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. ಗರ್ಭಿಣಿಯಲ್ಲದ ಸ್ತ್ರೀಗೆ ಅದು ೧೨ ಗ್ರಾಮಿಗೆ ಕಡಿಮೆ ಇರಬಾರದು. ಕಡಿಮೆಯಿದ್ದರೆ ವೈದ್ಯರು ಕಬ್ಬಿಣಾಂಶದ ಮಾತ್ರೆಯನ್ನು ಕೊಡುವರು. ಒಂದೆರಡು ತಿಂಗಳಲ್ಲಿ ರಕ್ತವು ಏರಿದರೂ, ಶರೀರದ ಉಗ್ರಾಣ ತುಂಬುವದಕ್ಕೆ ಇನ್ನೂ ಮೂರು ತಿಂಗಳು ಮಾತ್ರೆಯನ್ನು ನುಂಗಬೇಕು. ಮಲವು ಕಪ್ಪಾಯಿತೆಂದು ಹೆದರಿ ಬಿಡಬೇಡಿರಿ. ಅದು ಕಬ್ಬಿಣದ ಬಣ್ಣವೇ ಹೊರತು ರೋಗವಲ್ಲ. ಜಂತುಹುಳದ ಮಾತ್ರೆಯನ್ನೂ ಕೇಳಿಕೊಳ್ಳಿರಿ. ಇವು ಸರಕಾರದ ಆಸ್ಪತ್ರೆಯಲ್ಲಿ ಕ್ರಯವಿಲ್ಲದೆ ದೊರೆಯುತ್ತವೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುವಳು.

ಊಟಕ್ಕೆ ದೂರ ಹೋಗಬೇಕಾಗಿಲ್ಲ. ರಾಗಿಮುದ್ದೆ, ನವಣೆ, ಹೊಸದುರ್ಗದ ಸೀಮೆಯಲ್ಲಿ ಬೆಳೆಯುವ ಸಾಮೆ, ಹುರುಳಿಕಾಳು, ನುಗ್ಗೇಸೊಪ್ಪು, ಕಡಲೇಕಾಯಿ, ಮೊಟ್ಟೆ, ಮಾಂಸ ಇವೆಲ್ಲಾ ನಮ್ಮವರ ಊಟವೇ. ಊಟದೊಂದಿಗೆ ನಿಂಬೆಯಾಗಲಿ ನೆಲ್ಲಿಯಾಗಲಿ ಇದ್ದರೆ ಕಬ್ಬಿಣಾಂಶವು ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದು ಹತ್ತದೆ ಹೋಗುತ್ತದೆ. ಒಂದು ತಾಸಾದರೂ ತಡೆದು ಕುಡಿಯಿರಿ. ಗಂಡಸರೆಲ್ಲಾ ಉಂಡ ಮೇಲೆ ಉಳಿದದ್ದನ್ನು ಹೆಣ್ಣುಮಗಳಿಗೆ ಬಡಿಸುವ ಪದ್ಧತಿಯನ್ನು ಈ ವರುಷದಿಂದಾದರೂ ಬಿಡತಕ್ಕದ್ದು. ತೆಳ್ಳಗಾಗಬೇಕೆಂದು ಊಟ ಬಿಡುವ ಹುಡುಗಿಯರೂ ಇದ್ದಾರೆ. ಎಸ್ತೇರಳ ಉಪವಾಸವು ಅದಕ್ಕಲ್ಲ.

೫. ನೀರು ಮತ್ತು ಹಲ್ಲು

ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣವು ಮಿತಿಮೀರಿ ಇದೆ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಅದು ಹೆಚ್ಚಿರಬಾರದು. ಅಂಥ ನೀರನ್ನು ಬಾಲ್ಯದಲ್ಲಿ ಕುಡಿದವರಿಗೆ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆ ಬೀಳುತ್ತದೆ. ಅದು ಕೊಳೆಯಲ್ಲ, ಸೋಮಾರಿತನದ ಗುರುತೂ ಅಲ್ಲ. ಬೂದಿ, ಇದ್ದಲು, ಇಟ್ಟಿಗೆಪುಡಿಗಳಿಂದ ತಿಕ್ಕಿದರೆ ಕಲೆ ಹೋಗದು. ಹಲ್ಲೇ ಸವೆದು ಹೋಗುವದು. ಹಲ್ಲಿನ ಕಲೆಯನ್ನು ನೋಡಿ ಹೆಣ್ಣನ್ನು ಬೇಡವೆಂದವರು ಆಕೆಯ ಊರಿನ ನೀರನ್ನು ಅವಳ ತಪ್ಪೆಂದು ಎಣಿಸಿದ ಹಾಗಾಯಿತು. ಆ ಕಲೆಯನ್ನು ತಿಳಿಮಾಡುವ ಉಪಾಯಗಳು ದಂತವೈದ್ಯರಲ್ಲಿ ಉಂಟು.

ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವದಿಲ್ಲ. ನೀರು ಬತ್ತಿದಷ್ಟೂ ಅದರ ಅಂಶ ಹೆಚ್ಚುತ್ತದೆ. ಆದದರಿಂದ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದಲಾಗಲಿ ಕೂಡಿಟ್ಟ ಮಳೆನೀರಿನಿಂದಲಾಗಲಿ ಕುಡಿಯಿರಿ, ಅಡಿಗೆಗೂ ಅದನ್ನೇ ಬಳಸಿರಿ. ಮುಂದೆ ಹುಟ್ಟುವ ಮಗುವಿನ ಹಲ್ಲು ಈ ಅಭ್ಯಾಸದಿಂದ ಉಳಿಯುವದು.

೬. ನಡುವಣ ತಿಂಗಳುಗಳು: ಚರ್ಮ ಮತ್ತು ಕೂದಲು

ನಮ್ಮ ಸೀಮೆಯ ಒಣಗಾಳಿಗೆ ತುಟಿಯೂ ಹಿಮ್ಮಡಿಯೂ ಒಡೆಯುತ್ತವೆ. ರಾತ್ರಿ ಕಾಲನ್ನು ತೊಳೆದು, ತೇವವಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಕೆಲವು ವಾರಗಳಲ್ಲಿ ಮೆತ್ತಗಾಗುವದು. ಮುಖಕ್ಕೆ ಕಡಲೇಹಿಟ್ಟು ಇಲ್ಲವೆ ಹೆಸರುಹಿಟ್ಟು, ತಲೆಗೆ ಸೀಗೇಕಾಯಿ ಇವು ಸಾಕು. ನಿಂಬೇರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗಕೂಡದು. ಚರ್ಮ ಸುಟ್ಟು ಕಪ್ಪು ಮಚ್ಚೆಯಾಗುವದುಂಟು. ಅರಿಸಿನಕ್ಕೆ ಬಣ್ಣ ಬೆರಸಿದ ಪೇಟೆಯ ಪುಡಿಗಿಂತ ಕೊಂಬನ್ನು ಮನೆಯಲ್ಲಿ ಕುಟ್ಟುವದು ಲೇಸು. ಹೊಸದಾಗಿ ಏನನ್ನು ಹಚ್ಚುವದಾದರೂ ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ದಿವಸ ಕಾದು ನೋಡಿರಿ. ಹೊಲಕ್ಕೆ ಹೋಗುವಾಗ ಸೆರಗನ್ನಾಗಲಿ ಟವಲನ್ನಾಗಲಿ ತಲೆಗೂ ಕತ್ತಿಗೂ ಸುತ್ತಿಕೊಳ್ಳಿರಿ. ರಾತ್ರಿ ಏಳೆಂಟು ತಾಸು ನಿದ್ರೆ ಇರಲಿ.

೭. ಬಿಳುಪಿನ ಮುಲಾಮು

ಈಗ ಅಪಾಯದ ಮಾತು. ಪರಮಗೀತದ ಒಂದನೇ ಅಧ್ಯಾಯದಲ್ಲಿ ಮಾತಾಡುವವಳು ಬಿಸಿಲಿನಲ್ಲಿ ದ್ರಾಕ್ಷೇತೋಟವನ್ನು ಕಾಯ್ದು ಕಪ್ಪಾದವಳು. ಆದರೂ ತಾನು ಚೆಲುವೆಯೆಂದು ನಾಚದೆ ಹೇಳುತ್ತಾಳೆ. ಕಡಲೇಕಾಯಿ ಹೊಲದಲ್ಲಿ ದುಡಿದ ನಮ್ಮ ಹೆಣ್ಣುಮಕ್ಕಳು ಆಕೆಯ ಹಾಗೆ ಹೇಳಲು ಕಲಿಯಲಿ. ಹೇಳಬಿಡದಿರುವವರು ನಾವೇ. ನೋಡಲು ಬಂದವರು ಬಣ್ಣವನ್ನು ಆಡಿಕೊಂಡರೆಂದು ತಾಯಿಯು ಅತ್ತು, ಮಗಳು ಮುಲಾಮಿಗೆ ಕೈ ಹಾಕುತ್ತಾಳೆ.

ಆ ಮುಲಾಮುಗಳೊಳಗೆ ಕೆಲವಕ್ಕೆ ಪಾದರಸ ಬೆರೆತಿರುತ್ತದೆ. ಪಾದರಸವು ಚರ್ಮದ ಮೂಲಕ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ೨೦೨೩ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಇಂಥ ಮುಲಾಮು ಹಚ್ಚಿದವರಲ್ಲಿ ಮೂತ್ರಪಿಂಡದ ರೋಗವನ್ನು ಕಂಡು ಜನರನ್ನು ಎಚ್ಚರಿಸಿದರು. ಬೇರೆ ಕೆಲವದರಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಸ್ಟೆರಾಯ್ಡ್ ಔಷಧಗಳಿರುತ್ತವೆ. ಮೊದಲ ವಾರ ಮುಖ ತಿಳಿಯಾದಂತೆ ಕಾಣುವದು. ಆ ಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆಯೂ ಕೂದಲೂ ಹುಟ್ಟುವವು. ಬಿಟ್ಟರೆ ಉರಿ ಹೆಚ್ಚುವದು. ಇಂಥ ಹದಿನಾಲ್ಕು ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ೨೦೧೮ರಲ್ಲಿ ಕೇಂದ್ರ ಸರಕಾರವು ವಿಧಿಸಿತು. ತಯಾರಿಸಿದವರ ವಿಳಾಸವೂ ಕೂಡಿಸಿದ ವಸ್ತುಗಳ ಪಟ್ಟಿಯೂ ಇಲ್ಲದ ಡಬ್ಬಿಯನ್ನು ಮನೆಗೆ ತರಬೇಡಿರಿ. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿರುವವಳು ಡಬ್ಬಿಯನ್ನು ಕೈಯಲ್ಲಿ ಹಿಡಿದು ಚರ್ಮವೈದ್ಯರ ಬಳಿಗೆ ಹೋಗಲಿ.

೮. ಕಡೇ ತಿಂಗಳು

ಮದುವೆಗೆ ಒಂದು ತಿಂಗಳಿರುವಾಗ ಹೊಸದಾದ ಯಾವದನ್ನೂ ಆರಂಭಿಸಬಾರದು. ತಲೆಗೆ ಬಣ್ಣ, ಮುಖಕ್ಕೆ ಬ್ಲೀಚ್ ಮುಂತಾದವು ಮೈಗೆ ಒಗ್ಗದೆ ಹೋದರೆ ಚಪ್ಪರದಲ್ಲಿ ಊದಿದ ಮುಖದಿಂದ ನಿಲ್ಲಬೇಕಾದೀತು. ಬೇಗನೆ ಮಗುವನ್ನು ಬಯಸುವವರು ಗರ್ಭ ನಿಲ್ಲುವದಕ್ಕೆ ಕಡೇಪಕ್ಷ ಒಂದು ತಿಂಗಳು ಮುಂಚಿನಿಂದ ದಿನಾಲು ೪೦೦ ಮೈಕ್ರೋಗ್ರಾಮು ಫೋಲಿಕ್ ಆಮ್ಲವನ್ನು ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷವು ಬಹಳ ಮಟ್ಟಿಗೆ ತಪ್ಪುವದು. ಇದನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿಕೊಳ್ಳಿರಿ.

ಮದುಮಗನಿಗೂ ಈ ಪಾಠ ಉಂಟು. ರೂತಳಿಗೆ ಸ್ನಾನಮಾಡಿ ಎಣ್ಣೆ ಹಚ್ಚಿಕೊಂಡು ಒಳ್ಳೇ ಬಟ್ಟೆಯನ್ನು ಧರಿಸಿಕೊಂಡು ಹೋಗೆಂದು ನೊವೊಮಿಯು ಬುದ್ಧಿ ಹೇಳಿದಳು. ಬೋವಜನಾದರೋ ಅದಕ್ಕೆ ಮುಂಚೆಯೇ ಹೊಲದಲ್ಲಿ ಆಕೆಗೆ ನೀರೂ ಊಟವೂ ಸಿಕ್ಕುವಂತೆ, ಆಳುಗಳು ಆಕೆಯನ್ನು ಮುಟ್ಟದಂತೆ ನೋಡಿಕೊಂಡಿದ್ದನು. ಹುಡುಗಿಯು ವರುಷವೆಲ್ಲಾ ಸಿದ್ಧಳಾಗುವಾಗ ಹುಡುಗನು ಗುಟ್ಕಾ, ಬೀಡಿ, ಕುಡಿತಗಳನ್ನು ಬಿಡುವ ವರುಷವನ್ನಾಗಿ ಅದನ್ನು ಮಾಡಲಿ. ರಕ್ತಪರೀಕ್ಷೆಯನ್ನು ಇಬ್ಬರೂ ಮಾಡಿಸಿಕೊಳ್ಳಲಿ.

ಹೀಗಿರಲಾಗಿ ಸಹೋದರರೇ, ಸಹೋದರಿಯರೇ, ನೆಂಟರು ಒಂದು ಗಳಿಗೆ ನೋಡಿ ಉಂಡು ಹೋಗುವ ಮುಖಕ್ಕಾಗಿ ಸಾಲ ಮಾಡಬೇಡಿರಿ. ನಿಮ್ಮ ಮಗಳು ಬಾವಿಯಿಂದ ನೀರು ಸೇದುವಾಗ ತಲೆ ಸುತ್ತದೆ, ಹೆರಿಗೆಯ ಹಾಸಿಗೆಯಿಂದ ಮಗುವನ್ನು ಎತ್ತಿಕೊಂಡು ಏಳುವಂತೆ ಈ ಹನ್ನೆರಡು ತಿಂಗಳನ್ನು ಆಕೆಗೆ ಕೊಡಿರಿ.

ಸ್ತ್ರೀಯರ ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಎಸ್ತೇರಳು ರಾಜನ ಮುಂದೆ ಎರಡು ಸಾರಿ ನಿಂತಳು. ಆ ಎರಡು ಸಿದ್ಧತೆಗಳಿಗೆ ಇರುವ ವ್ಯತ್ಯಾಸವೇನು?
೨. ನಮ್ಮ ಊರಿನ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿದ್ದಾರೋ? ಇಲ್ಲದಿದ್ದರೆ ಪಂಚಾಯಿತಿಯಲ್ಲಿ ಯಾರು ಕೇಳುವರು?
೩. ನಮ್ಮ ಮನೆಯಲ್ಲಿ ಕಡೆಗೆ ಊಟ ಮಾಡುವವರು ಯಾರು? ಅವರ ತಟ್ಟೆಯಲ್ಲಿ ಏನು ಉಳಿದಿರುತ್ತದೆ?
೪. ಹೆಣ್ಣು ನೋಡುವಾಗ ಬಣ್ಣದ ಮಾತು ಎತ್ತುವದಿಲ್ಲವೆಂದು ನಮ್ಮ ಸಭೆಯ ಮನೆಗಳು ಒಪ್ಪಂದ ಮಾಡಿಕೊಳ್ಳಬಹುದೋ?