ಸರಕು ಗಾಡಿಯನ್ನು ನೋಡುವ ಬಗೆ

ಪುತ್ತೂರಿನ ದರ್ಬೆಯಲ್ಲಿ ಹಗಲಿನ ವಾಹನಸಂಚಾರ ಅಡಗಿ, ಅಂಗಡಿಗಳ ಬಾಗಿಲು ಮುಚ್ಚಿದ ಮೇಲೆ, ಊರಿನ ಆಚೆಯ ಮಗ್ಗುಲಿನಿಂದ ರೈಲಿನ ಕೂಗು ಕೇಳಿಬರುವುದುಂಟು. ಹಗಲಿನಲ್ಲಿ ಅದೇ ಕೂಗು ನಮ್ಮ ಕಿವಿಗೆ ಬೀಳುವುದು ಅಪರೂಪ. ಗದ್ದಲ ಕಡಿಮೆಯಾದುದೊಂದೇ ಇದಕ್ಕೆ ಕಾರಣವಲ್ಲ. ಬಿಸಿಲಿಗೆ ನೆಲ ಕಾದಾಗ, ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ಬಿಸಿಯಾಗಿರುತ್ತದೆ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಆದುದರಿಂದ ಶಬ್ದದ ಅಲೆಗಳು ಮೇಲಕ್ಕೆ ಬಾಗಿ, ದೂರದಲ್ಲಿ ನಿಂತವರ ತಲೆಯ ಮೇಲಿನಿಂದ ಹಾದುಹೋಗುತ್ತವೆ. ಇರುಳಿನಲ್ಲಿ ನೆಲ ಬೇಗ ತಣಿಯುವುದರಿಂದ ಸಂಗತಿ ತಿರುವುಮುರುವಾಗುತ್ತದೆ. ಅಲೆಗಳು ಕೆಳಕ್ಕೆ ಬಾಗಿ ನಮ್ಮ ಕಿಟಕಿಯವರೆಗೂ ಬರುತ್ತವೆ. ರೈಲನ್ನು ಕಾಣುವ ಮೊದಲೇ ಅದು ನಮಗೆ ಭೌತವಿಜ್ಞಾನದ ಒಂದು ಪಾಠವನ್ನು ಹೇಳಿಬಿಟ್ಟಿತು.

ರೈಲು ನೋಡುವುದನ್ನೇ ಹವ್ಯಾಸವಾಗಿ ಮಾಡಿಕೊಂಡವರು ಜಗತ್ತಿನಲ್ಲಿ ಅನೇಕರಿದ್ದಾರೆ. ಇಂಗ್ಲೆಂಡಿನಲ್ಲಿ ಇಯಾನ್ ಆಲನ್ ಎಂಬಾತ 1942ರಲ್ಲಿ ಎಂಜಿನುಗಳ ಸಂಖ್ಯೆಗಳನ್ನು ಪಟ್ಟಿಮಾಡಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದ. ಮುಂದೆ ಅಲ್ಲಿನ ಹುಡುಗರು ಪೆನ್ಸಿಲು ಹಿಡಿದು ಪ್ಲಾಟ್‌ಫಾರಂಗಳ ತುದಿಯಲ್ಲಿ ನಿಲ್ಲುವುದು ರೂಢಿಯಾಯಿತು. ಇಂದು ಪೆನ್ಸಿಲಿನ ಬದಲು ಕೈಯಲ್ಲಿ ಮೊಬೈಲು ಇದೆ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರು ಗಾಡಿಗಳ ಚಲನಚಿತ್ರ ತೆಗೆದು ಸಂಗ್ರಹಿಸುತ್ತಾರೆ. ಅವರಿಗೆ ಪ್ರಯಾಣಿಕರ ಗಾಡಿಗಿಂತ ಸರಕು ಗಾಡಿಯ ಮೇಲೆಯೇ ಪ್ರೀತಿ ಹೆಚ್ಚೆಂಬುದನ್ನು ಕಂಡು ನಮಗೆ ಮೊದಲು ಆಶ್ಚರ್ಯವಾಗಿತ್ತು. ಪ್ರಯಾಣಿಕರ ಗಾಡಿ ಯಾವಾಗ ಬರುವುದೆಂದು ವೇಳಾಪಟ್ಟಿ ಹೇಳುತ್ತದೆ. ಸರಕು ಗಾಡಿ ಯಾವಾಗ ಬರುತ್ತದೆ, ಏನು ಹೊತ್ತು ಬರುತ್ತದೆ, ಎಷ್ಟು ಎಂಜಿನುಗಳೊಡನೆ ಬರುತ್ತದೆ ಎಂಬುದು ಕಣ್ಣಿಗೆ ಬೀಳುವವರೆಗೂ ತಿಳಿಯದು. ಆ ಕುತೂಹಲವೇ ಈ ಹವ್ಯಾಸದ ಸ್ವಾರಸ್ಯ.

ಕಬಕ ಪುತ್ತೂರು ನಿಲ್ದಾಣವಿರುವುದು ಮಂಗಳೂರಿನಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿ. ಈ ದಾರಿ 1979ರಲ್ಲಿ ಮೀಟರ್ ಗೇಜಾಗಿ ತೆರೆಯಿತು. ಹಳಿಗಳ ನಡುವಿನ ಅಂತರ ಆಗ ಒಂದು ಮೀಟರ್ ಮಾತ್ರ. ಅದನ್ನು 1.676 ಮೀಟರಿನ ಬ್ರಾಡ್ ಗೇಜಿಗೆ ಬದಲಾಯಿಸುವುದಕ್ಕಾಗಿ 1996ರಲ್ಲಿ ಘಟ್ಟದ ಭಾಗವನ್ನು ಮುಚ್ಚಿದರು. ಕೇಂದ್ರ ರೈಲ್ವೆ ಇಲಾಖೆಯೂ ಕರ್ನಾಟಕ ಸರಕಾರವೂ ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪೆನಿಯನ್ನು ಕಟ್ಟಿದ ಮೇಲೆ ಕೆಲಸಕ್ಕೆ ಚುರುಕು ಬಂದಿತು. ಘಟ್ಟದ ಹೊಸ ಹಳಿಯ ಮೇಲೆ ಮೊದಲು ಓಡಿದ್ದು ಸರಕು ಗಾಡಿ, 2006ರಲ್ಲಿ. ಪ್ರಯಾಣಿಕರು 2007ರ ಡಿಸೆಂಬರಿನವರೆಗೆ ಕಾಯಬೇಕಾಯಿತು. ಆ ದಿನಗಳಲ್ಲಿ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಈ ದಾರಿಯಲ್ಲಿಯೇ ನವಮಂಗಳೂರು ಬಂದರಿಗೆ ಇಳಿಯುತ್ತಿತ್ತು. 2010ರಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ತಡೆದಾಗ ಆ ಕೆಂಪು ಗಾಡಿಗಳ ಸಾಲು ತುಂಡಾಯಿತು. ಹೀಗೆ ವ್ಯಾಗನ್ನಿನಲ್ಲಿರುವ ಸರಕನ್ನು ನೋಡಿ ನಾಡಿನ ವ್ಯಾಪಾರದ ಏರಿಳಿತವನ್ನು ಊಹಿಸಬಹುದು. ಆದರೆ ಅದು ಅರ್ಥಶಾಸ್ತ್ರದವರ ಪಾಲಿಗಿರಲಿ.

ನಮಗೆ ಬೇಕಾದುದು ವ್ಯಾಗನ್ನಿನ ಉದ್ದ. ಅದಿರು, ಕಲ್ಲಿದ್ದಲುಗಳನ್ನು ಹೊರುವ, ಮೇಲುಭಾಗ ತೆರೆದ ವ್ಯಾಗನ್ನಿಗೆ ‘ಬಾಕ್ಸ್‌ಎನ್’ ಎಂದು ಹೆಸರು. ಆ ಅಕ್ಷರಗಳು ಅದರ ಮಗ್ಗುಲಲ್ಲಿಯೇ ಬರೆದಿರುತ್ತವೆ. ಒಂದು ಕೊಂಡಿಯಿಂದ ಇನ್ನೊಂದು ಕೊಂಡಿಗೆ ಅದರ ಉದ್ದ ಸುಮಾರು 10.7 ಮೀಟರ್. ಅಂದಮೇಲೆ ಹಳಿಯ ಮೇಲೆ ಹಾದುಹೋಗುವ ಗಾಡಿ ಒಂದು ದೊಡ್ಡ ಅಳತೆಕೋಲೇ ಸರಿ. ಅದರ ಗೆರೆಗಳು 10.7 ಮೀಟರಿಗೊಂದರಂತೆ ಬಿದ್ದಿವೆ. ಹಳಿಯ ಹತ್ತಿರದಲ್ಲಿರುವ ಒಂದು ಕಂಬವನ್ನು ಗುರುತಾಗಿಟ್ಟುಕೊಂಡು, ಮೊಬೈಲನ್ನು ಕದಲದಂತೆ ನಿಲ್ಲಿಸಿ ಚಿತ್ರ ತೆಗೆಯಬೇಕು. ಮೊದಲನೆಯ ವ್ಯಾಗನ್ನಿನ ಮುಂಚೂಣಿ ಕಂಬವನ್ನು ದಾಟಿದ ಗಳಿಗೆಯಿಂದ 21ನೆಯ ವ್ಯಾಗನ್ನಿನ ಮುಂಚೂಣಿ ದಾಟುವವರೆಗಿನ ಕಾಲವನ್ನು ಗುರುತಿಸಿದರೆ, ಅಷ್ಟರಲ್ಲಿ 20 ವ್ಯಾಗನ್ನುಗಳ ಉದ್ದ, ಎಂದರೆ 214 ಮೀಟರ್, ಸರಿದಿರುತ್ತದೆ. ಇಲ್ಲಿ 21 ಎಂದು ಗುಣಿಸುವ ತಪ್ಪನ್ನು ಎಲ್ಲರೂ ಒಮ್ಮೆಯಾದರೂ ಮಾಡುತ್ತಾರೆ. ಕಾಲ 15.4 ಸೆಕೆಂಡ್ ಎಂದಾದರೆ ವೇಗ ಸೆಕೆಂಡಿಗೆ 13.9 ಮೀಟರ್, ಗಂಟೆಗೆ 50 ಕಿಲೋಮೀಟರ್.

ಕೈಗಡಿಯಾರದಿಂದಲೂ ಇದನ್ನು ಮಾಡಬಹುದು. ಆದರೆ ಕಣ್ಣು ಕಂಡದ್ದಕ್ಕೆ ಕೈ ಓಗೊಡುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಕಳೆದಿರುತ್ತದೆ. ಸೆಕೆಂಡಿಗೆ 30 ಚಿತ್ರಗಳನ್ನು ಹಿಡಿಯುವ ಮೊಬೈಲಿನಲ್ಲಿ ಒಂದೊಂದೇ ಚಿತ್ರವನ್ನು ಸರಿಸಿ ನೋಡಬಹುದಾದುದರಿಂದ ತಪ್ಪು ಇನ್ನೂ ಕಡಿಮೆ. ಹಿಂದೆ ಹಳಿಗಳ ಸಂದಿಯ ಮೇಲೆ ಗಾಲಿ ಬಿದ್ದಾಗ ಆಗುವ ‘ಟಕ್ ಟಕ್’ ಸದ್ದನ್ನು ಎಣಿಸಿ ವೇಗವನ್ನು ತಿಳಿಯುತ್ತಿದ್ದರು. ಈಗ ಹಳಿಗಳನ್ನು ಬೆಸುಗೆ ಹಾಕಿ ಉದ್ದಕ್ಕೆ ಒಂದು ಮಾಡಿರುವುದರಿಂದ ಆ ಉಪಾಯ ಬಹುಮಟ್ಟಿಗೆ ಸಾಗದು.

ಅಳತೆಕೋಲೇ ತಪ್ಪಾದರೆ ಚಿತ್ರ ಎಷ್ಟು ನಿಖರವಾಗಿದ್ದರೂ ಪ್ರಯೋಜನವಿಲ್ಲವೆಂಬುದನ್ನು ನಾವು ನಾಚಿಕೆಯಿಂದಲೇ ಕಲಿತೆವು. ಒಮ್ಮೆ ಮುಚ್ಚಿದ ವ್ಯಾಗನ್ನುಗಳ ಗಾಡಿಯೊಂದನ್ನು ಅಳೆದು, ಅದರ ವೇಗ ಗಂಟೆಗೆ 74 ಕಿಲೋಮೀಟರ್ ಎಂದು ಕರಿಹಲಗೆಯ ಮೇಲೆ ಬರೆದೆವು. ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು, ಗಾಡಿ ಅಷ್ಟು ರಭಸದಿಂದ ಹೋದಂತೆ ತನಗೆ ತೋರಲಿಲ್ಲವೆಂದ. ‘ತೋರುವುದು’ ಬೇರೆ, ‘ಅಳೆಯುವುದು’ ಬೇರೆ ಎಂದು ನಾವು ಅವನಿಗೆ ಸಣ್ಣ ಉಪದೇಶವನ್ನೂ ಮಾಡಿದೆವು! ಸಂಜೆ ಚಿತ್ರವನ್ನು ನಿಲ್ಲಿಸಿ ನೋಡಿದಾಗ ವ್ಯಾಗನ್ನಿನ ಮಗ್ಗುಲಲ್ಲಿ ‘ಬಿಸಿಎನ್‌ಎಚ್‌ಎಲ್’ ಎಂದು ಬರೆದಿತ್ತು. ನಾವು ಹಿಡಿದಿದ್ದುದು ಹಳೆಯ ‘ಬಿಸಿಎನ್‌ಎ’ ವ್ಯಾಗನ್ನಿನ ಉದ್ದವನ್ನು. ನೋಟಕ್ಕೆ ಎರಡೂ ಒಂದೇ ಜಾತಿಯವು. ಆದರೆ ಬಿಸಿಎನ್‌ಎ ಸುಮಾರು 14.5 ಮೀಟರ್, ಬಿಸಿಎನ್‌ಎಚ್‌ಎಲ್ ಸುಮಾರು 11 ಮೀಟರ್. ತಿದ್ದಿದ ಲೆಕ್ಕದಲ್ಲಿ ವೇಗ 56ಕ್ಕೆ ಇಳಿಯಿತು. ಮರುದಿನ ಆ ವಿದ್ಯಾರ್ಥಿಯ ಮುಂದೆ ನಾವೇ ಕರಿಹಲಗೆಯನ್ನು ಒರಸಬೇಕಾಯಿತು.

ಕಿವಿಯಿಂದಲೂ ಲೆಕ್ಕವನ್ನು ತಾಳೆ ನೋಡಬಹುದು. ಎಂಜಿನು ಕೂಗುತ್ತ ನಮ್ಮನ್ನು ದಾಟಿದೊಡನೆ ಕೂಗಿನ ಶ್ರುತಿ ಇಳಿಯುತ್ತದೆ; ಇದು ಡಾಪ್ಲರ್ ಪರಿಣಾಮ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಬರುವಾಗಿನ ಮತ್ತು ಹೋಗುವಾಗಿನ ಕಂಪನಸಂಖ್ಯೆಗಳ ಪ್ರಮಾಣ ಸುಮಾರು 1.08. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಕರ್ನಾಟಕ ಪದ್ಧತಿಯ ಷಡ್ಜಕ್ಕೂ ಶುದ್ಧ ರಿಷಭಕ್ಕೂ ಇರುವ ಅಂತರಕ್ಕಿಂತ ತುಸು ಹೆಚ್ಚು.

ಚಿತ್ರವನ್ನು ನಿಲ್ಲಿಸಿ ನೋಡುವಾಗ ಇನ್ನೊಂದು ವಿಚಿತ್ರ ಕಂಡೀತು. ವೇಗವಾಗಿ ಹೋಗುವ ವ್ಯಾಗನ್ನಿನ ನೆಟ್ಟನೆಯ ಅಂಚುಗಳು ಓರೆಯಾಗಿ ಕಾಣುತ್ತವೆ. ಮೊಬೈಲು ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ಸಾಲು ಸಾಲಾಗಿ ಓದುತ್ತದೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದರೆ, ಅಷ್ಟರಲ್ಲಿ ನಮ್ಮ ಗಾಡಿ 28 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಓರೆಯಾದುದು ವ್ಯಾಗನ್ನಲ್ಲ, ನಮ್ಮ ಚಿತ್ರದ ಕಾಲ.

ಯಂತ್ರದ ಈ ಮೋಸ ನಿರಪಾಯವಾದುದು. ಅಪಾಯದ ಮೋಸವೊಂದಿದೆ, ಚಿತ್ರ ತೆಗೆಯುವವರು ಇದನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇವೆ. ಗಾಡಿ ಎದುರಿನಿಂದ ಬರುತ್ತಿರುವ ದೃಶ್ಯಕ್ಕಾಗಿ ಕೆಲವರು ಹಳಿಯ ಮಗ್ಗುಲಿಗೆ, ಕೆಲವೊಮ್ಮೆ ಹಳಿಯ ಮೇಲೆಯೇ, ಹೋಗಿ ನಿಲ್ಲುವುದನ್ನು ಕೇಳಿದ್ದೇವೆ. ‘ದೂರದಲ್ಲಿದೆ, ಬಂದಾಗ ಸರಿದುಕೊಂಡರಾಯಿತು’ ಎಂಬುದು ಅವರ ಧೈರ್ಯ. ಎಂಜಿನಿನ ಅಗಲವನ್ನು 3 ಮೀಟರ್, ಅದರ ವೇಗವನ್ನು ಗಂಟೆಗೆ 60 ಕಿಲೋಮೀಟರ್ ಎಂದು ಹಿಡಿಯೋಣ. 500 ಮೀಟರ್ ದೂರದಲ್ಲಿ ಅದು ನಮ್ಮ ಕಣ್ಣಿನಲ್ಲಿ ಮಾಡುವ ಕೋನ ಒಂದು ಡಿಗ್ರಿಯ ಮೂರನೆಯ ಒಂದು ಭಾಗ. ಹುಣ್ಣಿಮೆಯ ಚಂದ್ರನಿಗಿಂತ ಚಿಕ್ಕದು. ನಮ್ಮನ್ನು ಮುಟ್ಟಲು ಅದಕ್ಕೆ ಬೇಕಾದುದು 30 ಸೆಕೆಂಡ್. ಅದರಲ್ಲಿ 15 ಸೆಕೆಂಡ್ ಕಳೆದರೂ ಕೋನ ಇಮ್ಮಡಿ ಮಾತ್ರ ಆಗಿರುತ್ತದೆ, ಡಿಗ್ರಿಯ ಮೂರನೆಯ ಎರಡು ಭಾಗ. ಐದು ಸೆಕೆಂಡ್ ಉಳಿದಾಗ 2 ಡಿಗ್ರಿ. ಒಂದೇ ಸೆಕೆಂಡ್ ಉಳಿದಾಗ 10 ಡಿಗ್ರಿ. ಬೆಳವಣಿಗೆಯೆಲ್ಲವೂ ಕೊನೆಯ ಕೆಲವು ಸೆಕೆಂಡುಗಳಲ್ಲಿಯೇ ನಡೆದುಹೋಗುತ್ತದೆ. ಅದಕ್ಕೆ ಮೊದಲು ಗಾಡಿ ನಿಂತಲ್ಲಿಯೇ ನಿಂತಿದೆಯೆಂಬ ಭ್ರಮೆ. ಮೊಬೈಲಿನ ಮಸೂರ ವಿಶಾಲವಾದ ನೋಟವನ್ನು ಚಿಕ್ಕ ಪರದೆಯಲ್ಲಿ ತುಂಬುವುದರಿಂದ ಭ್ರಮೆ ಮತ್ತೂ ಹೆಚ್ಚುತ್ತದೆ. 15 ಸೆಕೆಂಡ್ ಉಳಿದಾಗ ಎಂಜಿನು ಆ ಪರದೆಯ ಮೇಲೆ ಒಂದೂವರೆ ಮಿಲಿಮೀಟರ್ ಅಗಲವೂ ಇರಲಾರದು!

ಚಾಲಕ ನೋಡಿ ನಿಲ್ಲಿಸಲಾರನೇ ಎಂದು ಕೇಳಬಹುದು. ಭಾರದ ಗಾಡಿಯ ವೇಗ ಸೆಕೆಂಡಿಗೆ 0.2 ಮೀಟರಿನಂತೆ ತಗ್ಗುತ್ತದೆಂದು ಇಟ್ಟುಕೊಂಡರೆ, ವೇಗದ ವರ್ಗವನ್ನು ಅದರ ಇಮ್ಮಡಿಯಿಂದ ಭಾಗಿಸಿದಾಗ ಸಿಗುವ ನಿಲುಗಡೆಯ ದೂರ ಸುಮಾರು 700 ಮೀಟರ್. ಅವನು ನಿಮ್ಮನ್ನು ಕಂಡದ್ದು 500 ಮೀಟರಿನಲ್ಲಿ. ಆದುದರಿಂದ ನಾವು ವಿದ್ಯಾರ್ಥಿಗಳನ್ನು ಪ್ಲಾಟ್‌ಫಾರಂ ಟಿಕೆಟು ಕೊಂಡು, ನಿಲ್ದಾಣದ ಅಧಿಕಾರಿಗಳನ್ನು ಕೇಳಿ, ಅಂಚಿನಿಂದ ಹಿಂದೆ ನಿಲ್ಲಿಸುತ್ತೇವೆ. ಇಲ್ಲವೇ ರಸ್ತೆಯ ಮೇಲ್ಸೇತುವೆಯಿಂದ ನೋಡಲು ಹೇಳುತ್ತೇವೆ. ಒಪ್ಪಿಗೆಯಿಲ್ಲದೆ ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯಿದೆಯ 147ನೆಯ ವಿಧಿಯಂತೆ ಅಪರಾಧವೂ ಹೌದು. ಎಡಕುಮೇರಿಯ ಸುರಂಗಗಳ ದಾರಿಯಲ್ಲಿ ಚಾರಣ ಹೋಗುವವರು ಈ ಮಾತನ್ನು ಮರೆಯಬಾರದು.

ಆ ಘಟ್ಟದ ವಿಷಯಕ್ಕೆ ಬರೋಣ, ಏಕೆಂದರೆ ಪುತ್ತೂರಿನಲ್ಲಿ ನಾವು ನೋಡುವ ಗಾಡಿಗಳ ಸ್ವರೂಪವನ್ನು ನಿರ್ಧರಿಸುವುದು ಅದೇ. ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್. ನಡುವೆ ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್, 57 ಸುರಂಗಗಳು, ಕಡಿದಾದ ಕಡೆಗಳಲ್ಲಿ 50 ಮೀಟರಿಗೆ ಒಂದು ಮೀಟರ್ ಏರು. ಗಾಡಿಗಳ ವೇಗಕ್ಕೆ ಗಂಟೆಗೆ 30 ಕಿಲೋಮೀಟರಿನ ಮಿತಿ. ಮಳೆಗಾಲದಲ್ಲಿ ಗುಡ್ಡವೇ ಜರಿಯುವುದುಂಟು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಸಂಚಾರ ನಿಂತುಹೋಗಿತ್ತು.

ಅದಿರಿನ ದಿನಗಳ ಒಂದು ಗಾಡಿಯನ್ನು ನೆನೆಯೋಣ. ತುಂಬಿದ ಬಾಕ್ಸ್‌ಎನ್ ವ್ಯಾಗನ್ನೊಂದರ ತೂಕ ಸುಮಾರು 81 ಟನ್. ಅಂಥ 58 ವ್ಯಾಗನ್ನುಗಳೆಂದರೆ 4,700 ಟನ್. ಅದು 750 ಮೀಟರ್ ಎತ್ತರದಿಂದ ಇಳಿಯುತ್ತದೆಂದು ಹಿಡಿದರೆ, ಕಳೆದುಕೊಳ್ಳಬೇಕಾದ ಸ್ಥಿತಿಶಕ್ತಿ ಸುಮಾರು 9,600 ಯೂನಿಟ್. ತಿಂಗಳಿಗೆ 100 ಯೂನಿಟ್ ವಿದ್ಯುತ್ತನ್ನು ಬಳಸುವ ಒಂದು ಮನೆಗೆ ಅದು ಎಂಟು ವರ್ಷ ಸಾಲುತ್ತದೆ. ಇನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಆ ಗಾಡಿಯ ಚಲನಶಕ್ತಿ ಎಷ್ಟು? ಬರಿಯ 45 ಯೂನಿಟ್. ನಮ್ಮ ಕಣ್ಣಿಗೂ ಚಿತ್ರಕ್ಕೂ ಸಿಗುವುದು ಈ 45 ಮಾತ್ರ. ಉಳಿದುದನ್ನು ದಾರಿಯುದ್ದಕ್ಕೂ ಯಾರೋ ತಡೆದು ಹಿಡಿದಿದ್ದಾರೆ. ತಡೆಯದೆ, ಘರ್ಷಣೆಯೂ ಇಲ್ಲದೆ ಬಿಟ್ಟಿದ್ದರೆ ಕೆಳಗೆ ಮುಟ್ಟುವಾಗ ಗಾಡಿಯ ವೇಗ ಗಂಟೆಗೆ 430 ಕಿಲೋಮೀಟರನ್ನು ಮೀರುತ್ತಿತ್ತು.

ಗಾಲಿಗೆ ಬಿರಿ ಒತ್ತಿಯೇ ಇಷ್ಟನ್ನೂ ತಡೆಯಹೋದರೆ ಅದೆಲ್ಲವೂ ಗಾಲಿಯಲ್ಲಿ ಶಾಖವಾಗುತ್ತದೆ. ಒಂದು ಗಾಲಿಯ ತೂಕ 400 ಕಿಲೋಗ್ರಾಂ ಎಂದಿಟ್ಟುಕೊಂಡು, ಗಾಳಿಗೆ ಆರುವುದನ್ನು ಬಿಟ್ಟು ಲೆಕ್ಕ ಹಾಕಿದರೆ, ಗಾಲಿ ಸುಮಾರು 390 ಡಿಗ್ರಿಯಷ್ಟು ಹೆಚ್ಚು ಕಾಯುತ್ತದೆ. ಆದುದರಿಂದ ಘಟ್ಟದಲ್ಲಿ ಎಂಜಿನುಗಳೇ ಬಿರಿಯ ಕೆಲಸವನ್ನೂ ಮಾಡುತ್ತವೆ. ಗಾಲಿಯನ್ನು ತಿರುಗಿಸುವ ವಿದ್ಯುತ್ ಮೋಟಾರನ್ನು ಇಳಿಜಾರಿನಲ್ಲಿ ಗಾಲಿಯೇ ತಿರುಗಿಸುವಂತೆ ಜೋಡಿಸಿದರೆ ಮೋಟಾರು ಡೈನಮೋ ಆಗುತ್ತದೆ; ವಿದ್ಯುತ್ತನ್ನು ಹುಟ್ಟಿಸುವ ಶ್ರಮದಿಂದ ಗಾಡಿ ನಿಧಾನಿಸುತ್ತದೆ. ಡೀಸೆಲ್ ಎಂಜಿನಿನಲ್ಲಿ ಆ ವಿದ್ಯುತ್ತು ರೋಧಕಗಳಲ್ಲಿ ಉರಿದು, ಪಂಕದ ಗಾಳಿಯೊಡನೆ ಬಿಸಿಯಾಗಿ ಕಾಡಿಗೆ ಹೋಗುತ್ತದೆ. ಅದಿರಿನ ಗಾಡಿಗಳಿಗೆ ಮುಂದೆಯೂ ಹಿಂದೆಯೂ ಹಲವು ಎಂಜಿನುಗಳನ್ನು ಕಟ್ಟುತ್ತಿದ್ದುದರ ಕಾರಣ ಇದೇ: ಎಳೆಯುವುದಕ್ಕಾಗಿ ಅಲ್ಲ, ಹಿಡಿಯುವುದಕ್ಕಾಗಿ. ಈಚಿನ ವರ್ಷಗಳಲ್ಲಿ ಈ ದಾರಿಯ ವಿದ್ಯುದೀಕರಣ ಘಟ್ಟದವರೆಗೂ ಸಾಗಿದೆ. ವಿದ್ಯುತ್ ಎಂಜಿನಾದರೆ, ಇಳಿಯುವಾಗ ಹುಟ್ಟಿಸಿದ ವಿದ್ಯುತ್ತನ್ನು ತಲೆಯ ಮೇಲಿನ ತಂತಿಗೇ ಹಿಂದಿರುಗಿಸಬಲ್ಲುದು. ಅದೇ ತಂತಿಯ ಆಸರೆಯಲ್ಲಿ ಬೇರೊಂದು ಗಾಡಿ ಏರುತ್ತಿದ್ದರೆ, ಇಳಿಯುವುದು ಏರುವುದಕ್ಕೆ ನೆರವಾದಂತಾಯಿತು.

ಮುಂದಿನ ಸಲ ಸರಕು ಗಾಡಿಯನ್ನು ಚಿತ್ರಿಸುವಾಗ ಮೊದಲ ಎಂಜಿನು ದಾಟಿದೊಡನೆ ಮೊಬೈಲನ್ನು ಕೆಳಗಿಳಿಸಬೇಡಿ. ಎಂಜಿನುಗಳೆಷ್ಟು, ಮುಂದೆಷ್ಟು, ಹಿಂದೆಷ್ಟು, ವ್ಯಾಗನ್ನು ತುಂಬಿದೆಯೇ ಬರಿದೇ, ಅದರ ಮೇಲಿನ ಅಕ್ಷರಗಳೇನು ಎಂಬುದನ್ನು ಬರೆದುಕೊಳ್ಳಿ. ವ್ಯಾಗನ್ನಿನ ಮೇಲಿರುವ 11 ಅಂಕೆಗಳ ಸಂಖ್ಯೆಯಲ್ಲಿ ಐದನೆಯ, ಆರನೆಯ ಅಂಕೆಗಳು ಅದನ್ನು ಕಟ್ಟಿದ ವರ್ಷವನ್ನು ಹೇಳುತ್ತವೆ. ಅದು ನಿಮಗಿಂತ ಹಿರಿಯದೋ ಕಿರಿಯದೋ ನೋಡಿ.