ಇಂದಿನ ಧಮ್ಮ ಚಿಂತನೆ: ಗಂಟೆ ಹೊಡೆಯದ ಶಾಲೆ





ಕಳೆದ ಭಾನುವಾರ ಅಮೃತಹಳ್ಳಿಯ ನಮ್ಮ ಅಧ್ಯಯನ ಬಳಗದಲ್ಲಿ ವಂದನೆ ಮುಗಿಸಿ ಟೀ ಕುಡಿಯುತ್ತಿದ್ದಾಗ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಮನೆಯ ಕಷ್ಟದಿಂದ ಕಾಲೇಜು ಬಿಟ್ಟ ಅವಳು ಈಗ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿ ಓದುತ್ತಿದ್ದಾಳೆ. ಪಾಠವೆಲ್ಲ ಮೊಬೈಲಿನಲ್ಲೇ. ಅಪ್ಪ ಆಟೊ ಓಡಿಸುತ್ತಾರೆ, ಅಮ್ಮ ಮನೆಗೆಲಸಕ್ಕೆ ಹೋಗುತ್ತಾರೆ. ಒಂದೇ ಕೋಣೆಯ ಮನೆ. ಈ ಹುಡುಗಿಗೆ ತಮಟೆ ಎಂದರೆ ಪ್ರಾಣ. ವಾರಕ್ಕೆ ಎರಡು ಸಂಜೆ ಒಂದು ತಂಡದ ಜೊತೆ ಕಲಿಯುತ್ತಾಳೆ.

"ಅಣ್ಣಾ, ಬೆಳಗ್ಗೆಯಿಂದ ರಾತ್ರಿವರೆಗೂ ಫೋನ್ ಕೈಯಲ್ಲೇ ಇರುತ್ತೆ. ಆದ್ರೂ ಪಾಠ ಮುಗಿಯಲ್ಲ. ತಮಟೆಗೆ ಹೋದ್ರೆ ಓದು ಹಾಳು ಮಾಡ್ತಿದೀನಿ ಅನ್ಸುತ್ತೆ. ಓದೋಕೆ ಕೂತ್ರೆ ಮನಸ್ಸೆಲ್ಲ ತಮಟೆ ಮೇಲೆ. ಯಾವುದನ್ನ ಬಿಡ್ಲಿ?"

ಅವಳ ಅಪ್ಪ ಮನೆಯಲ್ಲಿ ಆಗಲೇ ಉತ್ತರ ಕೊಟ್ಟಿದ್ದರಂತೆ: "ನಮ್ ತಾತ ತಮಟೆ ಕೆಳಗಿಟ್ಟಿದ್ದು ನೀನು ಪುಸ್ತಕ ಎತ್ಕೊಳ್ಲಿ ಅಂತ. ಮತ್ತೆ ತಮಟೆ ಎತ್ಕೊಳ್ಲಿ ಅಂತಲ್ಲ."

ಬಂಧುಗಳೇ, ಆ ಅಪ್ಪನ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಊರ ಜಾತ್ರೆಗೆ, ಸಾವಿಗೆ ತಮಟೆ ಬಡಿಯುವುದು ನಮ್ಮ ಹಿರಿಯರ ಪಾಲಿಗೆ ಕಲೆಯಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಅದನ್ನು ಬಿಟ್ಟದ್ದು ಸ್ವಾಭಿಮಾನದ ಹೆಜ್ಜೆ. ಶಿಕ್ಷಣವೂ ನಮಗೆ ಹೊತ್ತು ಕಳೆಯುವ ಸಂಗತಿಯಲ್ಲ. ಅದಕ್ಕೇ ನಮ್ಮ ಮಕ್ಕಳಿಗೆ ಒಂದು ಗಂಟೆ ಆಟಕ್ಕೆ ಹೋದರೂ ಹಿರಿಯರ ಸಾಲ ತೀರಿಸಲಿಲ್ಲವೇನೋ ಎಂಬ ಅಳುಕು.

*ಸೋಣನ ವೀಣೆ*

ಇಂಥದ್ದೇ ಅಳುಕಿನಲ್ಲಿ ಸಿಲುಕಿದ್ದ ಒಬ್ಬ ಭಿಕ್ಖುವಿನ ಕಥೆ ಅಂಗುತ್ತರ ನಿಕಾಯದಲ್ಲಿದೆ. ಅವನ ಹೆಸರು ಸೋಣ. ಶ್ರೀಮಂತ ಮನೆತನದವನು. ಸಂಘ ಸೇರಿದ ಮೇಲೆ ಎಲ್ಲರಿಗಿಂತ ಹೆಚ್ಚು ಶ್ರಮ ಹಾಕಬೇಕೆಂದು ಹಟ ತೊಟ್ಟ. ರಾಜಗೃಹದ ಹತ್ತಿರದ ಶೀತವನದಲ್ಲಿ ನಡೆದು ನಡೆದು ಧ್ಯಾನ ಮಾಡಿದ. ಅಂಗಾಲು ಒಡೆದು ರಕ್ತ ಬಂತು. ಆದರೂ ಫಲ ಕಾಣಲಿಲ್ಲ. ಇದೆಲ್ಲ ಬಿಟ್ಟು ಮನೆಗೆ ಹೋಗಿಬಿಡಲೇ ಎಂದು ಯೋಚಿಸಿದ.

ಭಗವಾನ್ ಬುದ್ಧರು ಅವನ ಬಳಿಗೆ ಬಂದರು. ಬೈಯಲಿಲ್ಲ, ಇನ್ನೂ ಗಟ್ಟಿಯಾಗಿ ಪ್ರಯತ್ನಿಸು ಎನ್ನಲೂ ಇಲ್ಲ. ಮನೆಯಲ್ಲಿದ್ದಾಗ ನೀನು ವೀಣೆ ನುಡಿಸುತ್ತಿದ್ದೆಯಲ್ಲವೇ ಎಂದು ಕೇಳಿದರು. ತಂತಿ ತೀರಾ ಬಿಗಿಯಾದರೆ ನಾದ ಬರುತ್ತದೆಯೇ? ತೀರಾ ಸಡಿಲವಾದರೆ? ಎರಡಕ್ಕೂ ಸೋಣ ಇಲ್ಲವೆಂದ. ಶ್ರಮವೂ ಹಾಗೆಯೇ, ಅತಿಯಾದರೆ ಮನಸ್ಸು ಚಡಪಡಿಸುತ್ತದೆ, ಕಡಿಮೆಯಾದರೆ ಸೋಮಾರಿತನ ಬರುತ್ತದೆ, ಸಮನಾಗಿ ಹದ ಮಾಡಿಕೋ ಎಂದರು. ಅವನು ಇಷ್ಟಪಟ್ಟು ಕಲಿತಿದ್ದ ವಾದ್ಯದಿಂದಲೇ ಅವನಿಗೆ ದಾರಿ ತೋರಿಸಿದರು. ಅಷ್ಟಶೀಲ ಪಾಲಿಸುವ ದಿನ ಸಂಗೀತದಿಂದ ದೂರವಿರುತ್ತೇವೆ. ಆದರೆ ಗೃಹಸ್ಥರ ಪಂಚಶೀಲದಲ್ಲಿ ಅಂಥ ನಿಷೇಧವಿಲ್ಲ.

ಈ ಕಥೆ ಹೇಳಿದಾಗ ಆ ಹುಡುಗಿ ನಕ್ಕಳು. "ತಮಟೆನೂ ಹಂಗೇ ಅಣ್ಣಾ. ಬೆಂಕಿಗೆ ಹಿಡಿದು ಕಾಯಿಸ್ಬೇಕು. ಕಾಯದಿದ್ರೆ ಸದ್ದೇ ಬರಲ್ಲ. ಜಾಸ್ತಿ ಕಾಯ್ಸಿದ್ರೆ ಚರ್ಮ ಹರಿಯುತ್ತೆ." ನಾವು ಹೇಳಬೇಕಾಗಿದ್ದ ಪಾಠವನ್ನು ಅವಳೇ ಹೇಳಿಬಿಟ್ಟಳು.

*ಗಂಟೆ ಯಾರು ಹೊಡೆಯಬೇಕು?*

ಶಾಲೆಯಲ್ಲಿ ಗಂಟೆ ಹೊಡೆಯುತ್ತಾರೆ. ಒಂದು ಗಂಟೆ ಕೂರಿಸುತ್ತದೆ, ಕೊನೆಯ ಗಂಟೆ ಬಿಡುಗಡೆ ಮಾಡುತ್ತದೆ. ಆನ್‌ಲೈನ್ ಶಾಲೆಗೆ ಆ ಕೊನೆಯ ಗಂಟೆಯೇ ಇಲ್ಲ. ವಿಡಿಯೊ ಆಮೇಲೆ ನೋಡಬಹುದು, ರಾತ್ರಿ ನೋಡಬಹುದು, ನಾಳೆ ನೋಡಬಹುದು. ಹಾಗಾಗಿ ಮಗು ಇಡೀ ದಿನ ಪೂರ್ತಿ ಓದುವುದೂ ಇಲ್ಲ, ಪೂರ್ತಿ ಬಿಡುವಾಗಿರುವುದೂ ಇಲ್ಲ.

ಕೊರೊನಾ ಕಾಲದಲ್ಲಿ ಇದನ್ನು ನಾವೆಲ್ಲ ಕಂಡಿದ್ದೇವೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪ್ರಜ್ಞಾತಾ ಮಾರ್ಗಸೂಚಿಯಲ್ಲಿ 9ರಿಂದ 12ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ನಾಲ್ಕು ಅವಧಿ ಮೀರಬಾರದು ಎಂದಿತ್ತು. ಅಂದರೆ ಹೆಚ್ಚೆಂದರೆ ಮೂರು ಗಂಟೆ. ಬೆಳಗ್ಗೆಯಿಂದ ರಾತ್ರಿವರೆಗೆ ಫೋನ್ ಹಿಡಿದ ಮಗುವಿಗೆ ಶ್ರಮ ಸಾಲದು ಎಂದು ನಾವು ಬೈಯುತ್ತೇವೆ. ನಿಜಕ್ಕೂ ಅದಕ್ಕೆ ಸಾಲದಿರುವುದು ಗಂಟೆ.

ಇನ್ನೊಂದು ಮಾತು. ಅದೇ ಫೋನಿನಲ್ಲಿ ರೀಲ್ಸ್ ಕೂಡ ಇದೆ. ರೀಲ್ಸ್ ನೋಡುವುದು ಹವ್ಯಾಸವಲ್ಲ. ತಮಟೆ ಬಾರಿಸಿ ಬಂದರೆ ತೋಳು ದಣಿದಿರುತ್ತದೆ, ಮನಸ್ಸು ಹಗುರವಾಗಿರುತ್ತದೆ. ರೀಲ್ಸ್ ನೋಡಿ ಎದ್ದರೆ ಮನಸ್ಸೇ ದಣಿದಿರುತ್ತದೆ. ಯಾವುದು ಕುಶಲ, ಯಾವುದು ಅಕುಶಲ ಎಂಬುದನ್ನು ಫಲ ನೋಡಿ ನಾವೇ ತಿಳಿಯಬಹುದು.

*ಬಾಬಾಸಾಹೇಬರ ಮನೆ*

ಮುಂಬಯಿಯ ಪರೇಲ್‌ನ ಚಾಳಿನಲ್ಲಿ ಬಾಬಾಸಾಹೇಬರದ್ದೂ ಒಂದೇ ಕೋಣೆಯ ಸಂಸಾರ. ಬಾಲಕ ಭೀಮರಾವ್ ಸಂಜೆ ಬೇಗ ಮಲಗಿಬಿಡುತ್ತಿದ್ದರು. ತಂದೆ ರಾಮ್‌ಜಿಯವರು ಎಚ್ಚರವಿದ್ದು ರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸಿ ಆಮೇಲೆ ತಾವು ಮಲಗುತ್ತಿದ್ದರು. ಹೀಗೆ ಓದಿ 1907ರಲ್ಲಿ ಮೆಟ್ರಿಕ್ ಪಾಸಾದರು.

ನಾವು ಆ ರಾತ್ರಿಯ ಓದನ್ನಷ್ಟೇ ಮಕ್ಕಳಿಗೆ ಹೇಳುತ್ತೇವೆ. ಅದಕ್ಕೂ ಮೊದಲಿನ ನಿದ್ದೆಯನ್ನು ಹೇಳುವುದಿಲ್ಲ, ಗಂಟೆಯಾಗಿ ನಿಂತ ತಂದೆಯನ್ನೂ ಹೇಳುವುದಿಲ್ಲ. ಅಷ್ಟೆಲ್ಲ ಓದಿದ, ಅಷ್ಟೆಲ್ಲ ಹೊಣೆ ಹೊತ್ತ ಬಾಬಾಸಾಹೇಬರು ವಯಸ್ಸಾದ ಮೇಲೆ ಪಿಟೀಲು ಕಲಿತರು ಎಂಬುದನ್ನೂ ಹೇಳುವುದಿಲ್ಲ. ಬಿಡುವು ಉಳ್ಳವರ ಸೊತ್ತು, ನಮಗೆ ದುಡಿಮೆ ಮಾತ್ರ ಎನ್ನುವುದೂ ಜಾತಿ ಕಲಿಸಿದ ಪಾಠವೇ.

ತಮಟೆಯ ವಿಷಯಕ್ಕೆ ಬಂದರೆ, ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಯಾರದೋ ಅಪ್ಪಣೆಗೆ ಬಡಿದರೆ ಚಾಕರಿ. ತಾನೇ ಆರಿಸಿಕೊಂಡು, ತಲೆ ಎತ್ತಿ ಬಾರಿಸಿದರೆ ಕಲೆ. ತಾತ ಕೆಳಗಿಟ್ಟದ್ದು ಚಾಕರಿಯನ್ನು.

*ಎಲ್ಲರಿಗೂ ಪಾದರಕ್ಷೆ*

ಸೋಣನ ಕಥೆ ವಿನಯ ಪಿಟಕದಲ್ಲಿ ಇನ್ನೂ ಸ್ವಲ್ಪ ಮುಂದುವರಿಯುತ್ತದೆ. ಅವನ ಕಾಲಿನ ಗಾಯ ಕಂಡು ಬುದ್ಧರು ಅವನಿಗೆ ಪಾದರಕ್ಷೆ ಧರಿಸಲು ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. ಇಡೀ ಸಂಘಕ್ಕೆ ಅನುಮತಿ ಕೊಟ್ಟರೆ ಮಾತ್ರ ತಾನೂ ಧರಿಸುತ್ತೇನೆ ಎಂದ. ಬುದ್ಧರು ಇಡೀ ಸಂಘಕ್ಕೆ ಅನುಮತಿ ಕೊಟ್ಟರು.

ಇದರ ಅರ್ಥ ಗಮನಿಸಿ. ಹದ ಕಾಯ್ದುಕೊಳ್ಳುವುದು ಒಬ್ಬನ ಸಾಧನೆ ಮಾತ್ರವಲ್ಲ. ನಡೆಯುವವರಿಗೆಲ್ಲ ಪಾದರಕ್ಷೆ ಬೇಕು. ಒಂದೇ ಕೋಣೆಯಲ್ಲಿ ಟಿವಿ, ಅಡುಗೆ, ತಮ್ಮನ ಅಳು ಇವುಗಳ ನಡುವೆ ಪಾಠ ಕೇಳುವ ಮಗುವಿಗೆ ಹದವಾಗಿರು ಎಂದು ಬೋಧಿಸಿದರೆ ಸಾಲದು.

*ಇಂದಿನ ಅಭ್ಯಾಸ*

1. ವಿದ್ಯಾರ್ಥಿಗಳೇ, ನಾಳೆಯ ಓದಿಗೆ ಆರಂಭದ ಸಮಯದ ಜೊತೆ ಮುಗಿಯುವ ಸಮಯವನ್ನೂ ಬರೆದಿಡಿ. ಮುಗಿದ ಮೇಲೆ ಅಳುಕಿಲ್ಲದೆ ಏಳಿ.

2. ಹವ್ಯಾಸಕ್ಕೆ ವಾರದಲ್ಲಿ ಗೊತ್ತಾದ ದಿನ ಇಡಿ. ಪರೀಕ್ಷೆ ಹತ್ತಿರ ಬಂದಾಗ ಎರಡು ದಿನ ಒಂದಾಗಲಿ, ಸೊನ್ನೆ ಆಗುವುದು ಬೇಡ.

3. ತಂದೆತಾಯಿಯರೇ, ಗಂಟೆ ನೀವಾಗಿ. ಓದುವ ಹೊತ್ತಿನಲ್ಲಿ ಮನೆ ಸುಮ್ಮನಿರಲಿ. ಮಲಗುವ ಹೊತ್ತಿಗೆ ಫೋನ್ ನಿಮ್ಮ ಕೈಗೆ ಬರಲಿ.

4. ಬಳಗದವರೇ, ನಾವು ಸೇರುವ ಕೋಣೆ ವಾರದ ಆರು ದಿನ ಬೀಗ ಹಾಕಿಕೊಂಡಿರುತ್ತದೆ. ಸಂಜೆ ಆರರಿಂದ ಎಂಟರವರೆಗೆ ಅದನ್ನು ಮಕ್ಕಳ ಓದಿಗೆ ತೆರೆಯಬಹುದೇ? ಸರದಿಯ ಮೇಲೆ ದಿನಕ್ಕೊಬ್ಬ ಹಿರಿಯರು ಕೂತರೆ ಸಾಕು. ಈ ಭಾನುವಾರ ತೀರ್ಮಾನಿಸೋಣ.

ಆ ಹುಡುಗಿಯ ಅಪ್ಪನನ್ನೂ ಭಾನುವಾರ ಬರಲು ಕೇಳಿದ್ದೇವೆ. ಮಗಳು ತಮಟೆ ತರುತ್ತಾಳೆ. ಕಾಯಿಸುವ ಹದ ಎಷ್ಟು ಎಂದು ಅವರಿಬ್ಬರೂ ಸೇರಿ ನಮಗೆ ತೋರಿಸಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್.

ಓದಿದ ಮೇಲೆ ಮನೆಯ ಮಕ್ಕಳಿಗೂ ಓದಿ ಹೇಳಿ, ಬಂಧುಗಳಿಗೆ ಕಳುಹಿಸಿ.