ಹತ್ತಿ ಹಾಸಿಗೆ, ಹಾಯಾದ ನಿದ್ದೆ



ನಿನ್ನೆ ರಾತ್ರಿ ನಿಮಗೆ ಚೆನ್ನಾಗಿ ನಿದ್ದೆ ಬಂತೇ? ಯಾವುದರ ಮೇಲೆ ಮಲಗಿದ್ದಿರಿ? ಚಾಪೆಯೋ, ಗಾದಿಯೋ, ಕೌದಿಯೋ? ಪಾಠ ಓದುವ ಮೊದಲು ಇದನ್ನು ಪಕ್ಕದವರಿಗೆ ಹೇಳಿ. ಅವರನ್ನೂ ಕೇಳಿ.

ಕಂಪ್ಲಿಯ ನಮ್ಮ ಕಲಿಕಾ ಕೇಂದ್ರದಲ್ಲಿ ನಾನು ಇದನ್ನೇ ಕೇಳಿದೆ. ಒಬ್ಬ ದೊಡ್ಡಮ್ಮ ನಕ್ಕುಬಿಟ್ಟರು.

"ಗಾದಿ ಐತ್ರಿ ಅಕ್ಕೋರೆ. ಸುತ್ತಿ ಟ್ರಂಕಿನ ಮ್ಯಾಲೆ ಇಟ್ಟೀನಿ. ಬೀಗರು ಬಂದ್ರ ಹಾಸ್ತೀನಿ. ನನಗೇನು, ಮೂಲ್ಯಾಗ ಒಂದು ಚಾಪಿ ಸಾಕು."

ಎಲ್ಲರೂ ನಕ್ಕರು. "ಯಾರ ಯಾರ ಮನೆಯಲ್ಲಿ ಹೀಗೇ ಇದೆ, ಕೈ ಎತ್ತಿ" ಎಂದೆ. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಆಗ ನಗು ನಿಂತಿತು.

ಭತ್ತದ ನಾಟಿ ಸಮಯ ನೆನಪು ಮಾಡಿಕೊಳ್ಳಿ. ಬೆಳಗಿನಿಂದ ಸಂಜೆವರೆಗೆ ಕೆಸರಿನಲ್ಲಿ ಬಗ್ಗಿ ನಿಲ್ಲುತ್ತೇವೆ. ಮನೆಗೆ ಬಂದು ಒಲೆ ಹಚ್ಚುತ್ತೇವೆ. ಎಲ್ಲರೂ ಉಂಡ ಮೇಲೆ ಪಾತ್ರೆ ತೊಳೆದು ಮಲಗುತ್ತೇವೆ. ಆ ಸೊಂಟಕ್ಕೆ ರಾತ್ರಿ ಸಿಗುವುದು ಬರೀ ನೆಲ. ಬೆಳಿಗ್ಗೆ ಏಳುವಾಗ ಮೈಯೆಲ್ಲ ನೋವು. ದುಡಿಯುವ ದೇಹಕ್ಕೆ ಅನ್ನ ಬೇಕು. ಹಾಗೆಯೇ ನಿದ್ದೆಯೂ ಬೇಕು. ಗಾದಿ ಬೀಗರಿಗಷ್ಟೇ ಅಲ್ಲ.

ಇನ್ನೊಂದು ಮನೆಯ ಮಾತು ಹೇಳುತ್ತೇನೆ. ನಮ್ಮ ಓಣಿಯ ಒಬ್ಬ ಹುಡುಗಿ ಹೆರಿಗೆಗೆ ತವರಿಗೆ ಬಂದಿದ್ದಳು. ಬೇಸಿಗೆ ಕಾಲ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. 40 ಡಿಗ್ರಿ ದಾಟುತ್ತದೆ. ಗಂಡನ ಮನೆಯವರು ಕೂಸಿಗೆಂದು ಮೆತ್ತನೆಯ, ಹೊಳೆಯುವ ಹೊಸ ಹಾಸಿಗೆ ತಂದುಕೊಟ್ಟಿದ್ದರು. ನೋಡಲು ಬಲು ಚಂದ. ನಾಲ್ಕೇ ದಿನದಲ್ಲಿ ಕೂಸಿನ ಬೆನ್ನು, ಕುತ್ತಿಗೆ ತುಂಬ ಕೆಂಪು ಗುಳ್ಳೆ ಎದ್ದವು. ಕೂಸು ರಾತ್ರಿಯೆಲ್ಲ ಅಳುತ್ತಿತ್ತು. ಬಾಣಂತಿಗೂ ನಿದ್ದೆ ಇಲ್ಲ. ಅಜ್ಜಿ ದೃಷ್ಟಿ ತೆಗೆದಳು, ಬೂದಿ ಹಚ್ಚಿದಳು. ಅಳು ನಿಲ್ಲಲಿಲ್ಲ.

ಆಶಾ ಕಾರ್ಯಕರ್ತೆ ಬಂದು ಹಾಸಿಗೆ ಮುಟ್ಟಿ ನೋಡಿದಳು. "ಇದು ಹತ್ತಿ ಅಲ್ಲ ಯವ್ವಾ, ಪಾಲಿಯೆಸ್ಟರ್ ಐತಿ. ಬೆವರು ಹೀರಂಗಿಲ್ಲ. ಇದನ್ನ ತೆಗಿ, ಹಳೇ ಹತ್ತಿ ಸೀರಿ ಹಾಸು. ಗುಳ್ಳಿ ಕಡಿಮಿ ಆಗದಿದ್ರ ಡಾಕ್ಟರಿಗೆ ತೋರಿಸು" ಎಂದಳು. ಹಳೆಯ ಸೀರೆ ಮಡಚಿ ಹಾಸಿದರು. ಗುಳ್ಳೆ ಮೆಲ್ಲಗೆ ಒಣಗಿದವು. ಹೊಸ ಹಾಸಿಗೆಗೆ ಕೊಟ್ಟ ಹಣ ಮಾತ್ರ ಹೋಯಿತು.

ಬೆವರು ಹೀರುವುದು ಎಂದರೆ ಏನು? ಹತ್ತಿಯ ಎಳೆಗೆ ನೀರು ಕುಡಿಯುವ ಗುಣ ಇದೆ. ಒಣಗಿದೆ ಎಂದು ನಾವು ಮಡಚಿ ಇಟ್ಟ ಹತ್ತಿ ಬಟ್ಟೆಯೂ ಗಾಳಿಯಿಂದ ತೇವ ಹಿಡಿದಿರುತ್ತದೆ. ಅದರ ತೂಕವನ್ನು 100 ಪಾಲು ಮಾಡಿದರೆ ಸುಮಾರು 7-8 ಪಾಲು ತೇವವೇ. ಪಾಲಿಯೆಸ್ಟರಿನಲ್ಲಿ 1 ಪಾಲೂ ಇರುವುದಿಲ್ಲ. ಅದಕ್ಕೇ ಪಾಲಿಯೆಸ್ಟರ್ ಚಾದರದ ಮೇಲೆ ಮಲಗಿದರೆ ಬೆವರು ಮೈಗೇ ಅಂಟಿ ನಿಲ್ಲುತ್ತದೆ. ಹತ್ತಿ ಬಟ್ಟೆ ಬೆವರನ್ನು ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಮೈ ತಂಪಾಗುತ್ತದೆ. ಚಳಿಗಾಲಕ್ಕೆ ಗಾದಿಯೊಳಗಿನ ಸಡಿಲ ಅರಳೆ ಬೇಕು. ಅರಳೆಯ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನೆಲದ ಥಂಡಿ ಅದನ್ನು ದಾಟಿ ಬೇಗ ಮೇಲೆ ಬರುವುದಿಲ್ಲ.

ಈಗ ಅಂಗಡಿಗೆ ಹೋಗೋಣ. ಚಾದರ ಕೊಳ್ಳಬೇಕು. ಅಂಗಡಿಯವನು "ಪ್ಯೂರ್ ಕಾಟನ್ ಅಕ್ಕ" ಎನ್ನುತ್ತಾನೆ. ಮಾತು ಕೇಳಿ, ಆದರೆ ಚೀಟಿ ಓದಿ. ಈಗ ನಿಮಗೆ ಓದು ಬರುತ್ತದಲ್ಲ! ಚೀಟಿಯ ಮೇಲೆ "100% ಕಾಟನ್" ಎಂದು ಇರಬೇಕು. ಅಂದರೆ ನೂರಕ್ಕೆ ನೂರು ಹತ್ತಿ. ಹೆಚ್ಚಾಗಿ ಇದು ಇಂಗ್ಲಿಷಿನಲ್ಲಿ ಇರುತ್ತದೆ. ಆಗ ಶಾಲೆಗೆ ಹೋಗುವ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಅವಳು ಅಕ್ಷರ ಓದಲಿ, ಅಂಕಿ ನೀವೇ ಓದಿ. "ಪಾಲಿ ಕಾಟನ್" ಎಂದರೆ ಬೆರಕೆ. "ಗ್ಲೇಸ್ ಕಾಟನ್" ಎಂದು ಮಾರುವ ಎಷ್ಟೋ ಚಾದರಗಳಲ್ಲಿ ಇರುವುದು ಪಾಲಿಯೆಸ್ಟರ್. ಹೆಸರಿನಲ್ಲಿ ಮಾತ್ರ ಕಾಟನ್!

ಚೀಟಿ ಇಲ್ಲದಿದ್ದರೆ? ಕೈಯಿಂದ ನೋಡಿ. ಹತ್ತಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಸುಕ್ಕು ಉಳಿಯುತ್ತದೆ. ಪಾಲಿಯೆಸ್ಟರ್ ಮತ್ತೆ ನೆಟ್ಟಗಾಗುತ್ತದೆ. ಮನೆಗೆ ಬಂದ ಮೇಲೂ ಅನುಮಾನ ಇದ್ದರೆ ಅಂಚಿನಿಂದ ಒಂದೇ ಒಂದು ಎಳೆ ಕೀಳಿ. ಅಂಗಳಕ್ಕೆ ಹೋಗಿ. ತಟ್ಟೆಯಲ್ಲಿ ನೀರು ಇಟ್ಟುಕೊಳ್ಳಿ. ಸೆರಗು ಸಿಕ್ಕಿಸಿಕೊಳ್ಳಿ, ಮಕ್ಕಳನ್ನು ದೂರ ಕಳಿಸಿ. ಎಳೆಯನ್ನು ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಎಳೆ ಕಾಗದದ ಹಾಗೆ ಉರಿಯುತ್ತದೆ. ಕಾಗದ ಸುಟ್ಟ ವಾಸನೆಯೇ ಬರುತ್ತದೆ. ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಎಳೆ ಬೆಂಕಿ ಕಂಡರೆ ಮುದುರಿ ಕರಗುತ್ತದೆ. ಆಮೇಲೆ ಕರೀ ಮಣಿಯಂತೆ ಗಟ್ಟಿಯಾಗುತ್ತದೆ. ಬಿಸಿ ಇರುವಾಗ ಅದನ್ನು ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಮಣಿಯೂ ಬೂದಿಯೂ ಎರಡೂ ಕಂಡರೆ ಅದು ಬೆರಕೆ ಬಟ್ಟೆ.

ಹತ್ತಿ ಚಾದರ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ. ಅದಕ್ಕೆ ಅಳತೆ ನಾಲ್ಕು ಬೆರಳು ಹೆಚ್ಚೇ ಇರಲಿ. ಮೊದಲ ಸಲ ಬೇರೆಯಾಗಿ ಒಗೆಯಿರಿ, ಬಣ್ಣ ಬಿಟ್ಟೀತು.

ಗಾದಿಯದ್ದು ಬೇರೆ ಕಥೆ. ಗಾದಿಯ ಒಳಗೆ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಮೋಸ ಆಗುವುದು ಅಲ್ಲೇ. ಬೀದಿಯಲ್ಲಿ ಮಾರಿಕೊಂಡು ಬಂದ ಗಾದಿಯನ್ನು ನಮ್ಮ ಕೇಂದ್ರದ ಒಬ್ಬ ಅಕ್ಕ ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಂಟು ಗಂಟಾಯಿತು. ಹೊಲಿಗೆ ಬಿಚ್ಚಿದರೆ ಮೇಲೆ ಎರಡು ಹಿಡಿ ಅರಳೆ, ಒಳಗೆಲ್ಲ ಬಣ್ಣದ ಚಿಂದಿ! ಆದ್ದರಿಂದ ಆದಷ್ಟು ಗಾದಿಯನ್ನು ಕಣ್ಣೆದುರಿಗೇ ತುಂಬಿಸಿ. ಅರಳೆ ತೂಗಿಸಿ. ಒಂದು ಹಿಡಿ ಅರಳೆ ಹಿಸುಕಿ ಬಿಡಿ. ಒಳ್ಳೆಯದಾದರೆ ಮತ್ತೆ ಉಬ್ಬಿ ಬರುತ್ತದೆ. ಬೀಜದ ಚೂರು, ಎಲೆಯ ಪುಡಿ, ಬಣ್ಣದ ದಾರ ಕಂಡರೆ ಬೇಡ ಎನ್ನಿ.

ಲೆಕ್ಕ ಮಾಡೋಣ. ಅರಳೆ ಕಿಲೋಗೆ 150 ರೂಪಾಯಿ ಎಂದು ಇಟ್ಟುಕೊಳ್ಳಿ. 8 ಕಿಲೋ ಎಂದು ಹಣ ತೆಗೆದುಕೊಂಡರು. ತೂಗಿದರೆ 6 ಕಿಲೋ. ಎಷ್ಟು ಹಣ ಹೋಯಿತು? 2 ಕಿಲೋ ಅಂದರೆ 300 ರೂಪಾಯಿ. ಒಂದು ದಿನದ ಕೂಲಿ ಹತ್ತಿರ ಹತ್ತಿರ ಹೋಯಿತಲ್ಲ!

ನಮ್ಮ ಬಳ್ಳಾರಿ ಸೀಮೆಯ ಎರೆ ಭೂಮಿಗೆ ಹತ್ತಿ ಹೊಸದಲ್ಲ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿಗಳು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಕೊಟ್ಟರು. ಅದರ ಎಳೆ ಉದ್ದ, ಸಣ್ಣ. ಅಂಥದ್ದು ನಯವಾದ ದಾರಕ್ಕೆ ಬೇಕು. ಗಾದಿಗೆ ಗಿಡ್ಡ ಎಳೆಯ ಒರಟು ಹತ್ತಿಯೇ ಒಳ್ಳೆಯದು, ಬೇಗ ಚಪ್ಪಟೆ ಆಗುವುದಿಲ್ಲ. ಹೈಬ್ರಿಡ್ ಬೀಜದ ಹೊಲದಲ್ಲಿ ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುವುದು ಬಹಳ ಕಡೆ ಹೆಣ್ಣುಮಕ್ಕಳ ಕೈ. ಹತ್ತಿ ಬಿಡಿಸುವುದೂ ನಾವೇ. ಹತ್ತಿ ಗಾದಿಯ ಮೇಲೆ ಮಲಗುವಾಗ ಮಾತ್ರ ನಾವು ಕೊನೆಗೆ!

ಹಿಂದೆ ಪಿಂಜಾರರು ಬಿಲ್ಲಿನಂಥ ಸಾಧನ ಹೆಗಲಿಗೆ ಹಾಕಿಕೊಂಡು ಓಣಿಗೆ ಬರುತ್ತಿದ್ದರು. ಟಂಯ್ ಟಂಯ್ ಎಂದು ಅರಳೆ ಹಿಂಜುವಾಗ ನಾವು ಮಕ್ಕಳು ಸುತ್ತ ನಿಂತು ನೋಡುತ್ತಿದ್ದೆವು. ಮೂಗಿನ ತುಂಬ ಅರಳೆ! ಈಗ ಆ ಕೆಲಸ ಹೆಚ್ಚಾಗಿ ಯಂತ್ರದಲ್ಲಿ ಆಗುತ್ತದೆ. ಹಳೆಯ ಗಾದಿ ಗಂಟಾದರೆ ಬಿಸಾಡಬೇಡಿ. ಅರಳೆ ಮತ್ತೆ ಹಿಂಜಿಸಿದರೆ ಗಾದಿ ಹೊಸದರಂತೆ ಆಗುತ್ತದೆ. ಹೊಸ ಗಾದಿಗಿಂತ ಖರ್ಚು ಕಡಿಮೆ.

ಗಾದಿ ಕೊಳ್ಳಲು ಹಣ ಇಲ್ಲವೇ? ಕೌದಿ ಇದೆಯಲ್ಲ. ನಾಲ್ಕೈದು ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ, ಒತ್ತಾಗಿ ದಾರ ಹಾಕಿದರೆ ಕೌದಿ. ಸಾಲು ಹೊಲಿಗೆ ಹತ್ತಿರ ಹತ್ತಿರ ಇದ್ದಷ್ಟೂ ಪದರ ಜಾರುವುದಿಲ್ಲ. ನನ್ನ ಅವ್ವ ಹೊಲಿದ ಕೌದಿ ಈಗಲೂ ನಮ್ಮ ಮನೆಯಲ್ಲಿದೆ. ಒಂದು ತೊಂದರೆ ಮಾತ್ರ ಬಂದಿದೆ. ಈಗ ನಾವು ಉಡುವ ಸೀರೆಗಳೇ ಹೆಚ್ಚಾಗಿ ಪಾಲಿಯೆಸ್ಟರ್. ಅವುಗಳ ಕೌದಿ ಬೇಸಿಗೆಯಲ್ಲಿ ಕುದಿಸುತ್ತದೆ, ಹೊಲಿಯುವಾಗ ಜಾರುತ್ತದೆ. ಅಂಥ ಸೀರೆಯ ಕೌದಿ ಚಳಿಗೆ ಹೊದೆಯಲು ಇರಲಿ. ಮೈ ಕೆಳಗೆ ಹಾಸುವ ಕೌದಿಗೆ ಹತ್ತಿ ಸೀರೆಗಳನ್ನೇ ಕೂಡಿಸಿ ಇಡಿ. ಅತ್ತೆಯ ಹಳೆಯ ಸೀರೆಗಳನ್ನು ಪಾತ್ರೆಯವನಿಗೆ ಹಾಕಬೇಡಿ!

ಹೆಣ್ಣುಮಕ್ಕಳ ಇಂಥ ಕೈಕೆಲಸಕ್ಕೆ ಬೆಲೆ ಇಲ್ಲ ಎನ್ನಬೇಡಿ. ನವಲಗುಂದದಲ್ಲಿ ಹತ್ತಿ ದಾರದ ಜಮಖಾನ ನೇಯುವವರು ಹೆಣ್ಣುಮಕ್ಕಳೇ. ನಮ್ಮ ಪಕ್ಕದ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ 2023ರಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಗಿನ್ನೆಸ್ ದಾಖಲೆ ಸೇರಿತು.

ಹಾಸಿಗೆಯನ್ನು ವಾರಕ್ಕೊಮ್ಮೆಯಾದರೂ ಬಿಸಿಲಿಗೆ ಹಾಕಿ. ಮಧ್ಯಾಹ್ನ ಒಮ್ಮೆ ಮಗ್ಗುಲು ತಿರುಗಿಸಿ, ಕೋಲಿನಿಂದ ಬಡಿಯಿರಿ. ತೇವ ಹೋಗುತ್ತದೆ, ಅರಳೆ ಉಬ್ಬುತ್ತದೆ. ತಗಣಿ ಇದ್ದರೆ ಹೊಲಿಗೆಯ ಸಂದು ನೋಡಿ, ಅವು ಅಲ್ಲೇ ಅಡಗುತ್ತವೆ. ಹಸಿ ಇರುವ ಗಾದಿಯನ್ನು ಸುತ್ತಿ ಇಡಲೇಬೇಡಿ, ಬೂಸು ಹಿಡಿಯುತ್ತದೆ. ಎಳೆ ಕೂಸಿನ ತಲೆಗೆ ಒಂದು ವರ್ಷದವರೆಗೆ ದಿಂಬು ಬೇಡ. ಅದರ ಹಾಸಿಗೆ ತೀರ ಮೆತ್ತಗೆ ಇರಬಾರದು. ಅಂಗಾತ ಮಲಗಿಸಿ. ಮುಖದ ಮೇಲೆ ಕೌದಿ ಎಳೆಯಬೇಡಿ, ಉಸಿರು ಕಟ್ಟುತ್ತದೆ.

ಆ ದೊಡ್ಡಮ್ಮ ಮುಂದಿನ ವಾರ ಬಂದರು. ಟ್ರಂಕಿನ ಮೇಲಿನ ಗಾದಿ ಬಿಚ್ಚಿದರೆ ಮೂಲೆಯಲ್ಲಿ ಇಲಿ ಕಚ್ಚಿತ್ತಂತೆ. ಉಳಿದ ಅರಳೆ ಹಿಂಜಿಸಿ ಸಣ್ಣ ಗಾದಿ ಮಾಡಿಸಿದರು.

"ಈಗ ನಾನೇ ಮಲಗ್ತೀನ್ರಿ ಅಕ್ಕೋರೆ."

"ಮತ್ತೆ ಬೀಗರು ಬಂದರೆ?" ಎಂದೆ.

"ಬರ್ಲಿ, ಕೌದಿ ಅದಾವಲ್ರಿ" ಎಂದರು.

ಅಭ್ಯಾಸ

ನಿಮ್ಮ ಮನೆಯ ಒಂದು ಚಾದರದ ಚೀಟಿ ತಂದು ಕೇಂದ್ರದಲ್ಲಿ ಓದಿ. ಗಾದಿ, ಅರಳೆ, ಕೌದಿ, ಬೆವರು, ಚೀಟಿ, ಈ ಪದಗಳನ್ನು ಎರಡೆರಡು ಸಲ ಬರೆಯಿರಿ. 5 ಕಿಲೋ ಅರಳೆಗೆ, ಕಿಲೋಗೆ 150 ರೂಪಾಯಿಯಂತೆ, ಎಷ್ಟಾಗುತ್ತದೆ? ನಿಮ್ಮ ಮನೆಯಲ್ಲಿ ಯಾರು ಯಾವುದರ ಮೇಲೆ ಮಲಗುತ್ತಾರೆ, ಒಬ್ಬೊಬ್ಬರ ಹೆಸರಿನ ಮುಂದೆ ಬರೆಯಿರಿ. ನಿಮ್ಮ ಹೆಸರನ್ನು ಮೊದಲು ಬರೆಯಿರಿ.